ಚೊಂಬಿನ ನಿರ್ಣಯ

ಟೊರಾಂಟೊದ ನಮ್ಮ ಬೀದಿಯವರು ಸಿರಿಯಾದ ಒಂದು ಸಂಸಾರವನ್ನು ಕರೆಸಿಕೊಳ್ಳೋಣ ಎಂದಾಗ ನಾನು ಕೈಯೆತ್ತಿದ್ದು ದಯೆಗಿಂತ ಹೆಚ್ಚಾಗಿ ದಾಕ್ಷಿಣ್ಯಕ್ಕೆ. ಕೆನಡಾದಲ್ಲಿ ಇದು ಹಳೆಯ ಪದ್ಧತಿ. ಜನರೇ ಗುಂಪು ಕಟ್ಟಿ, ದುಡ್ಡು ಕೂಡಿಸಿ, ನಿರಾಶ್ರಿತರನ್ನು ಒಂದು ವರ್ಷ ನೋಡಿಕೊಳ್ಳುವುದು. 1979-80ರಲ್ಲಿ ವಿಯೆಟ್ನಾಂ ಕಡೆಯಿಂದ ಬಂದ 60,000 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೀಗೇ ಬಂದವರು.

ಅರ್ಜಿ, ಚಂದಾ, ಬಾಡಿಗೆ ಮನೆ, ಸೋಫಾ ಎಲ್ಲ ಚಕಚಕನೆ ಆದವು. ಉಳಿದದ್ದು ಬಚ್ಚಲು.

ಸಭೆಯಲ್ಲಿ ಅದರ ಸಾಮಾನಿನ ಪಟ್ಟಿ ಓದಿದರು. ಟಾಯ್ಲೆಟ್ ಕಾಗದ ರಾಶಿ ರಾಶಿ, ಚೊಂಬಿಲ್ಲ! ಸಿರಿಯಾದವರೂ ನಮ್ಮಂತೆಯೇ ನೀರಿನ ಜನ. ಎದ್ದು ನಿಂತೆ. "ನೀರಿಗೊಂದು ಪಾತ್ರೆ ಬೇಕು."

"ಯಾತಕ್ಕೆ?" ಎಂದರು ನಿವೃತ್ತ ಮೇಷ್ಟರಮ್ಮ.

ನನ್ನ ಬಲಗೈ ಗಾಳಿಯಲ್ಲಿ ಚೊಂಬು ಹಿಡಿಯಿತು. ಎಡಗೈ ಮಾತ್ರ ತನ್ನ ಪಾತ್ರ ನೆನೆದು ಮೇಜಿನಡಿ ಅಡಗಿಕೊಂಡಿತು.

"ಓ, ಹೂಗಿಡಕ್ಕೆ! ಆದರೆ ಆ ಮನೆಗೆ ಬಾಲ್ಕನಿ ಇಲ್ಲವಲ್ಲ."

"ಪ್ರಾರ್ಥನೆಗೆ ಮುಂಚೆ ಕೈಕಾಲು ತೊಳೆಯೋದಕ್ಕಿರಬೇಕು," ಎಂದರು ಇನ್ನೊಬ್ಬರು.

ಅಲ್ಲಿಗೇ ತಲೆಯಾಡಿಸಿ ಕೂತಿದ್ದರೆ ಮಾನ ಉಳಿಯುತ್ತಿತ್ತು. ಕೂರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ, ಕ್ರಮವಾಗಿ, ಪೂರ್ತಿ ಹೇಳಿದೆ. ಸಭೆ ಮೌನವಾಗಿ ಚಹಾದ ಬಟ್ಟಲು ಕೆಳಗಿಟ್ಟಿತು. ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು, "ಎಷ್ಟು ಲೀಟರಿನದು?" ಎಂದ. ಸರ್ವಾನುಮತದ ನಿರ್ಣಯವಾಯಿತು. ನಡಾವಳಿಯಲ್ಲಿ ದಾಖಲಾದದ್ದು: 'ಗಿಡಕ್ಕೆ ನೀರು ಹಾಕುವ ಕ್ಯಾನು, ಒಳಾಂಗಣ ಬಳಕೆಗೆ.'

"ಮನೆ ಮರ್ಯಾದೆಯನ್ನ ಬೀದೀಲಿ ತೊಳ್ಕೊಂಡು ಬಂದ್ರಾ?" ಎಂದಳು ಹೆಂಡತಿ.

2016ರ ಫೆಬ್ರವರಿ ಕೊನೆಗೆ ಸರ್ಕಾರ ಗೊತ್ತುಮಾಡಿದ್ದ 25,000 ಸಿರಿಯನ್ನರು ಬಂದಿಳಿದರು. ಗುರಿ ಮುಟ್ಟಿತೆಂದು ಸಂಭ್ರಮ. ಆ ಲೆಕ್ಕದಲ್ಲಿ ನಮ್ಮವರಿಲ್ಲ. ಅವರ ಕಡತ ಎಲ್ಲೋ ಮಲಗಿಬಿಟ್ಟಿತು. ಕೇಳಿದರೆ 'ಪರಿಶೀಲನೆಯಲ್ಲಿದೆ.' ಖಾಲಿ ಮನೆಗೆ ಬಾಡಿಗೆ ಕಟ್ಟಿದೆವು. ಪುಣ್ಯ ಸಂಪಾದಿಸುವವರು ಮಾತ್ರ ಬಿಡಲಿಲ್ಲ. ಕೆಟ್ಟ ಟೋಸ್ಟರು, ಒಂಟಿ ಸ್ಕೀ ತಂದು ಸುರಿದರು. ನಿರಾಶ್ರಿತರೆಂದರೆ ಗುಜರಿಯವರೆಂದು ಇವರಿಗೆ ಹೇಳಿದ್ದು ಯಾರು?

ಒಂದು ಸಂಜೆ ನಮ್ಮೊಂದಿಗೆ ಆ ಮನೆ ಗುಡಿಸಲು ಬಂದ ಮೇಷ್ಟರಮ್ಮ, ಬಾಗಿಲ ಬಳಿ ನಾವು ಕೊಂಡಿಟ್ಟಿದ್ದ ಪುಟ್ಟ ಹಿಮದ ಬೂಟು ಎತ್ತಿಕೊಂಡು, "ಇದು ಇನ್ನು ಆ ಹುಡುಗನಿಗೆ ಆಗೋದಿಲ್ಲ," ಎಂದರು. ಬರಬೇಕಿದ್ದ ಸಂಸಾರದ ಆ ಹುಡುಗನಿಗೆ ಕಾಗದದಲ್ಲಿ ವಯಸ್ಸು ನಾಲ್ಕು. ಕಾಗದ ಬರೆದು ಬಹಳ ದಿನವಾಗಿತ್ತು. ಅವರು ಕಾದು ಕೂತಿದ್ದ ಲೆಬನಾನಿನಲ್ಲಿ ಹುಡುಗ ಬೆಳೆಯುತ್ತಲೇ ಇದ್ದ. ಯಾರೂ ಮಾತಾಡಲಿಲ್ಲ.

ನೀವೂ ಇಂಥ ಗುಂಪು ಸೇರಿದರೆ ಮಕ್ಕಳ ಬೂಟು ಮೊದಲೇ ಕೊಳ್ಳಬೇಡಿ. ದುಡ್ಡು ತೆಗೆದಿಡಿ, ಮಗು ಬಂದಮೇಲೆ ಅಂಗಡಿಗೆ ಕರೆದುಕೊಂಡು ಹೋಗಿ ಕೊಡಿಸಿ.