ಹೇಗೂ ಬೀಳುವ ಹಲ್ಲಿನ ಪರವಾಗಿ

ಸೋಮವಾರಪೇಟೆ ಸೀಮೆಯ ಅಜ್ಜ-ಅಜ್ಜಿಯರಿಗೆ, ಅಪ್ಪ-ಅಮ್ಮಂದಿರಿಗೆ,

ಐದು ವರ್ಷದ ಮಗು ಕೆನ್ನೆ ಹಿಡಿದುಕೊಂಡು ರಾತ್ರಿಯೆಲ್ಲ ಅತ್ತರೆ ನಮ್ಮ ಮನೆಗಳಲ್ಲಿ ಮೊದಲು ಲವಂಗ ಬರುತ್ತದೆ, ಆಮೇಲೆ ತೀರ್ಪು ಬರುತ್ತದೆ: ‘ಹಾಲುಹಲ್ಲು ತಾನೇ, ಹೇಗೂ ಬೀಳುತ್ತೆ, ಕೀಳಿಸಿಬಿಡಿ.’ ಆ ತೀರ್ಪಿನ ಮೇಲೆ ನನ್ನದೊಂದು ಮೇಲ್ಮನವಿ ಈ ಪತ್ರ.

ಬೀಳುವುದು ನಿಜ, ಆದರೆ ಯಾವಾಗ? ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಅಲುಗಾಡುತ್ತವೆ. ಅಗಿಯುವ ಹಾಲು ದವಡೆಹಲ್ಲುಗಳು ಎಂಟಿವೆಯಲ್ಲ, ಅವು ಬೀಳುವುದು ಸುಮಾರು 9ರಿಂದ 12ನೇ ವಯಸ್ಸಿನ ನಡುವೆ. ಐದಕ್ಕೇ ಕಿತ್ತರೆ ಅಷ್ಟು ವರ್ಷ ಅಲ್ಲಿ ಬರೀ ವಸಡು. ಆರನೇ ವಯಸ್ಸಿನ ಸುಮಾರಿಗೆ ಆ ಜಾಗದ ಹಿಂದೆ ಶಾಶ್ವತ ದವಡೆಹಲ್ಲು ಹುಟ್ಟುತ್ತದೆ. ತಡೆಯುವವರಿಲ್ಲದಿದ್ದರೆ ಅದು ಮುಂದಕ್ಕೆ ಸರಿಯುತ್ತದೆ. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕುತ್ತೇವಲ್ಲ, ಹಾಲುಹಲ್ಲು ಆ ಟವೆಲ್. ಅದನ್ನು ತೆಗೆದುಬಿಟ್ಟರೆ ಮುಂದೆ ಬರಬೇಕಾದ ಹಲ್ಲಿಗೆ ಜಾಗ ಸಾಲದೆ ಅದು ಓರೆಯಾಗಿ ಹುಟ್ಟಬಹುದು, ಒಳಗೇ ಸಿಕ್ಕಿಕೊಳ್ಳಲೂಬಹುದು.

ಹುಳುಕು ಹಿಡಿದ ಹಾಲುಹಲ್ಲನ್ನು ಉಳಿಸಲು ಸ್ಟೇನ್‌ಲೆಸ್ ಸ್ಟೀಲಿನ ಕ್ಯಾಪ್ ಇದೆ. ಮಕ್ಕಳ ಹಲ್ಲಿಗೆ ಇದನ್ನು ಬಳಸುವ ವಿಧಾನವನ್ನು 1950ರಲ್ಲೇ ಹಂಫ್ರಿ ಎಂಬ ಅಮೆರಿಕದ ದಂತವೈದ್ಯರು ಬರೆದಿಟ್ಟರು. ಹಾಲುಹಲ್ಲಿನ ಹೊರಪದರ ತೆಳು, ನರ ಮೇಲಕ್ಕೇ ಇರುತ್ತದೆ. ಎರಡು ಹಲ್ಲುಗಳ ಸಂದಿಯಲ್ಲಿ ಹುಳುಕು ಹಿಡಿದರೆ ಅಲ್ಲಿ ತುಂಬಿದ ಸಿಮೆಂಟು ಬಹಳ ಸಲ ಒಡೆದು ಬೀಳುತ್ತದೆ. ಕ್ಯಾಪ್ ಆದರೆ ಇಡೀ ಹಲ್ಲನ್ನು ಮುಚ್ಚಿಕೊಳ್ಳುತ್ತದೆ. ಬೇರೆ ಬೇರೆ ಅಳತೆಗಳಲ್ಲಿ ಸಿದ್ಧವಾಗಿಯೇ ಬರುತ್ತದೆ, ಲ್ಯಾಬಿಗೆ ಕಳಿಸಿ ಕಾಯಬೇಕಿಲ್ಲ. ಹಲ್ಲು ಬೀಳುವ ಕಾಲಕ್ಕೆ ಅದರ ಜೊತೆಗೇ ಬೀಳುತ್ತದೆ.

ಇಂಜೆಕ್ಷನ್, ಡ್ರಿಲ್ಲು ಎಂದರೆ ಮಗು ಕುರ್ಚಿಯನ್ನೇ ಹತ್ತುವುದಿಲ್ಲ ಎನ್ನುತ್ತೀರಿ. ಆ ಭಯಕ್ಕೆ ಉತ್ತರ ಸ್ಕಾಟ್ಲೆಂಡಿನಿಂದ ಬಂತು. ಅಲ್ಲಿನ ಸಾಮಾನ್ಯ ದಂತವೈದ್ಯೆ ನಾರ್ನಾ ಹಾಲ್ ಅವರು 1980ರ ದಶಕದಿಂದ ಹುಳುಕನ್ನು ಕೊರೆಯದೆ, ಮರಗಟ್ಟಿಸದೆ, ಕ್ಯಾಪಿನೊಳಗೆ ಸಿಮೆಂಟು ತುಂಬಿ ಹಲ್ಲಿನ ಮೇಲೆ ಕೂರಿಸಿ, ಮಗುವಿನಿಂದಲೇ ಕಚ್ಚಿಸುತ್ತಿದ್ದರು. ಒಳಗೆ ಉಳಿದ ರೋಗಾಣುಗಳಿಗೆ ಸಕ್ಕರೆ ಸಿಗದೆ ಹುಳುಕು ಅಲ್ಲೇ ನಿಲ್ಲುತ್ತದೆ. ಆರಂಭದಲ್ಲಿ ಅನೇಕ ತಜ್ಞರು ಇದನ್ನು ಒಪ್ಪಲಿಲ್ಲ. ಆಮೇಲೆ ಅಲ್ಲಿನ ಟೇಸೈಡ್ ಪ್ರಾಂತ್ಯದಲ್ಲಿ ನಡೆದ ಪರೀಕ್ಷೆಯ ಐದು ವರ್ಷಗಳ ಫಲಿತಾಂಶ 2011ರಲ್ಲಿ ಪ್ರಕಟವಾಯಿತು: ನೋವು, ಕೀವಿನಂಥ ದೊಡ್ಡ ತೊಂದರೆ ಹೀಗೆ ಕ್ಯಾಪ್ ಹಾಕಿದ ಹಲ್ಲುಗಳಲ್ಲಿ ಶೇ 3, ಮಾಮೂಲಿನಂತೆ ತುಂಬಿಸಿದ ಹಲ್ಲುಗಳಲ್ಲಿ ಶೇ 16.5. ಮೊದಲ ಕೆಲವು ವಾರ ಕಚ್ಚುವಾಗ ಹಲ್ಲು ಎತ್ತರವೆನಿಸುತ್ತದೆ, ತಾನಾಗಿ ಸರಿಹೋಗುತ್ತದೆ.

ಎಲ್ಲ ಹಲ್ಲಿಗೂ ಇದು ಒಗ್ಗುವುದಿಲ್ಲ. ಕೀವು ತುಂಬಿದ್ದರೆ, ರಾತ್ರಿ ನಿದ್ದೆಗೆಡಿಸುವ ನೋವಿದ್ದರೆ, ಮೊದಲು ನರದ ಚಿಕಿತ್ಸೆ ಆಗಬೇಕು, ಕೆಲವನ್ನು ಕೀಳಲೇಬೇಕಾಗುತ್ತದೆ. ಕ್ಯಾಪಿನಲ್ಲಿ ನಿಕ್ಕಲ್ ಇರುವುದರಿಂದ ಆ ಲೋಹದ ಅಲರ್ಜಿ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಇನ್ನು ನಾಚಿಕೆಯ ಮಾತು. ‘ಹೆಣ್ಣುಮಗು, ನಕ್ಕರೆ ಸ್ಟೀಲು ಕಾಣುತ್ತೆ’ ಎನ್ನುತ್ತೀರಿ, ಮುಖ್ಯವಾಗಿ ಅಜ್ಜಿಯರು. ಅಜ್ಜಿ, ಅದೇ ಮಗುವಿಗೆ ವರ್ಷ ತುಂಬುವ ಮೊದಲೇ ಕಿವಿ ಚುಚ್ಚಿಸಿ ಲೋಹ ತೊಡಿಸಿದವರು ನಾವೇ. ದವಡೆಯ ಕ್ಯಾಪ್ ದೊಡ್ಡದಾಗಿ ನಕ್ಕಾಗ ಒಂದಿಷ್ಟು ಹೊಳೆಯುತ್ತದೆ, ಅಷ್ಟೇ. ಹುಳುಕು ಹಲ್ಲಿನ ಮಗು ನಗುವುದನ್ನೇ ಬಿಡುತ್ತದೆ. ಒಂದೇ ಕಡೆ ಅಗಿದು ಅನ್ನ ಪಕ್ಕಕ್ಕೆ ತಳ್ಳುತ್ತದೆ.

ದೂರದ ಕಷ್ಟ ನನಗೆ ಗೊತ್ತು. ನಮ್ಮ ಜಿಲ್ಲೆಯ ದಂತವೈದ್ಯ ಕಾಲೇಜು ಇರುವುದು ವಿರಾಜಪೇಟೆಯಲ್ಲಿ, ಇಲ್ಲಿಂದ ಸುಮಾರು 70 ಕಿ.ಮೀ. ಕಾಫಿ ಕುಯ್ಲಿನ ದಿನಗಳಲ್ಲಿ ತೋಟದ ಲೈನ್ ಮನೆಯ ತಾಯಿ ಅಲ್ಲಿಗೆ ಹೊರಟರೆ ಅಂದಿನ ಕೂಲಿ ಹೋಯಿತು. ಕ್ಯಾಪ್ ಕೂರುವಂತೆ ಹಲ್ಲಿನ ಸಂದಿ ಬಿಡಿಸಲು ಮೊದಲೊಂದು ದಿನ ರಬ್ಬರ್ ಉಂಗುರ ಹಾಕಬೇಕಾದರೆ ಎರಡು ದಿನದ ಕೂಲಿ. ಅದಕ್ಕೇ ಹೇಳುತ್ತೇನೆ, ಲ್ಯಾಬಿನ ಹಂಗಿಲ್ಲದ ಈ ಕೆಲಸ ತಾಲ್ಲೂಕು ಮಟ್ಟದಲ್ಲೇ ಆಗಬೇಕು. ಬಿಪಿಎಲ್ ಕುಟುಂಬದ ಹಿರಿಯರಿಗೆ ದಂತಭಾಗ್ಯ ಯೋಜನೆಯಲ್ಲಿ ಉಚಿತ ಹಲ್ಲಿನ ಸೆಟ್ ಕೊಡಲು ಮನಸ್ಸು ಮಾಡಿದ ಸರ್ಕಾರ, ಮಗುವಿನ ಹಲ್ಲಿಗೆ ಈ ಕ್ಯಾಪನ್ನೂ ಕೊಡಬೇಕು.

ನಾವು ಕೇಳದೆ ಅದೂ ಬರುವುದಿಲ್ಲ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬರಬೇಕು. ಹಲ್ಲು ನೋಡುವುದೂ ಅವರ ಪಟ್ಟಿಯಲ್ಲಿದೆ. ಅವರು ಬರುವ ದಿನವನ್ನು ಕಾರ್ಯಕರ್ತೆಯ ಬಳಿ ಕೇಳಿ ತಿಳಿದುಕೊಳ್ಳಿ. ಈ ಸೋಮವಾರ ಸಂತೆಗೆ ಹೊರಡುವ ಮುನ್ನ ಮಗುವಿನ ಬಾಯಿ ತೆರೆಸಿ ಬೆಳಕಿನಲ್ಲಿ ನೋಡಿ. ದವಡೆಯಲ್ಲಿ ಕಪ್ಪು ಕಂಡರೆ ನೋವು ಶುರುವಾಗುವ ಮೊದಲೇ ವೈದ್ಯರ ಹತ್ತಿರ ಹೋಗಿ, ‘ಕೀಳದೆ ಕ್ಯಾಪ್ ಹಾಕಲು ಆಗುತ್ತದೆಯೇ?’ ಎಂದು ಕೇಳಿ.

ಇತಿ,
ನಿಮ್ಮೂರಿನ ಒಬ್ಬ ತಾಯಿ