ಪಿಂಚಣಿಯ ಸಪ್ತಪದಿ

ಚಿಕ್ಕಬಳ್ಳಾಪುರದ ಕಡೆ ಸರ್ಕಾರಿ ನೌಕರಿಯ ಜೋಡಿಗೆ ಜಾತಕಕ್ಕಿಂತ ನೇಮಕಾತಿ ತಾರೀಖು ಮುಖ್ಯ. 1-4-2006ಕ್ಕೆ ಮುಂಚೆ ಸೇರಿದ್ದರೆ ಹಳೇ ಪಿಂಚಣಿ; ಆಮೇಲಾದರೆ ಷೇರುಪೇಟೆಗೆ ಗಂಟುಬಿದ್ದ ಹೊಸ ಪಿಂಚಣಿ ಎನ್‌ಪಿಎಸ್. ಚಿಂತಾಮಣಿಯ ನಿವೃತ್ತ ಗುಮಾಸ್ತ ರಾಯರು ಹಳಬರು, ಗೌರಿಬಿದನೂರಲ್ಲಿ ಪಾಠ ಹೇಳುವ ಅವರ ಮನೆಯಾಕೆ ಹೊಸಬರು ಅನ್ನಿ. ಬೆಳಗಿನ ಕಾಫಿಗೆ ಅವರು ತುಟ್ಟಿಭತ್ಯೆಯ ಸುದ್ದಿ ಹುಡುಕಿದರೆ, ಈಕೆ ಷೇರುಪೇಟೆ ಬಿತ್ತೋ ಎದ್ದಿತೋ ನೋಡುತ್ತಾರೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಹರಾಜಿನಂತೆ ದಿನಕ್ಕೊಂದು ದರ!

ಈಕೆ ನಿವೃತ್ತರಾದರೆ ಶೇ. 60ರವರೆಗೆ ಇಡಿಗಂಟು, ಮಿಕ್ಕಿದ್ದು ವರ್ಷಾಶನಕ್ಕೆ. ‘ನನಗೆ ಮಾತ್ರ’ ಎಂದರೆ ತಿಂಗಳಿಗೆ ತುಸು ಹೆಚ್ಚು. ‘ನನ್ನ ನಂತರ ಯಜಮಾನರಿಗೂ’ ಎಂದರೆ ತುಸು ಕಡಿಮೆ. ಯೋಚಿಸುವಾಗ ಕಣ್ಣು ಗಂಡನ ಬಿಪಿ ಮಾತ್ರೆಯ ಡಬ್ಬಿಯತ್ತ! ರಾಯರಿಗೆ ಆ ಚಿಂತೆಯಿಲ್ಲ. ಅವರ ನಂತರ ಈಕೆಗೆ ಕುಟುಂಬ ಪಿಂಚಣಿ ತಾನಾಗಿ ಒಲಿಯುತ್ತದೆ. ಅದು ನೆನಪಾದಾಗಲೆಲ್ಲ ಹೆಂಡತಿ ಕೊಟ್ಟ ಉಪ್ಪಿನಕಾಯಿಯನ್ನು ಮೂಸಿ ನೋಡುತ್ತಾರೆ.

ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ. ಮುಖ ತೋರಿಸಿ, ಕಣ್ಣು ಮಿಟುಕಿಸಿ ಅನ್ನುತ್ತದೆ ಮೊಬೈಲು. ರಾಯರು ಮಿಟುಕಿಸಿದರು. ಮನೆಯಾಕೆ ನಿಟ್ಟುಸಿರಿಟ್ಟರು: “ಮದುವೆಯಾದಾಗಿನಿಂದ ನನ್ನತ್ತ ಒಮ್ಮೆಯೂ ಮಿಟುಕದ ಕಣ್ಣು, ಪಿಂಚಣಿ ಅಂದ ಕೂಡಲೇ ಹೇಗೆ ಮಿಟುಕಿತು ನೋಡಿ!”