ಬಟ್ಟೆ ಮಗುಚಿ ನೋಡುವ ಹಿರಿಯರಿಗೊಂದು ಬಹಿರಂಗ ಪತ್ರ

ಹೊಲಿಗೆ ಬಲ್ಲ, ಕಸೂತಿ ಬಲ್ಲ, ನಮ್ಮೆಲ್ಲರ ಗೌರವಕ್ಕೆ ಪಾತ್ರರಾದ ಹಿರಿಯ ತಾಯಂದಿರಿಗೆ,



ಹೊಸದಾಗಿ ಕಲಿಯುವವರು ತಮ್ಮ ಮೊದಲ ಕ್ರಾಸ್ ಸ್ಟಿಚ್ ಕೆಲಸವನ್ನು ಕೈಗಿತ್ತ ತಕ್ಷಣ ಅದನ್ನು ಮಗುಚಿ ಹಿಂಬದಿ ನೋಡುವ ತಮಗೆ ಈ ಪತ್ರ. ಯಾರ ಹೆಸರನ್ನೂ ಬರೆದಿಲ್ಲ. ಅರಿಶಿನ ಕುಂಕುಮಕ್ಕೆ ಹೋದಲ್ಲಿ, ಸೀಮಂತದ ಮನೆಯಲ್ಲಿ, ಶಾಲೆಯ ಕರಕುಶಲ ಪ್ರದರ್ಶನದ ಮೇಜಿನ ಮುಂದೆ, ಎಲ್ಲೆಡೆ ತಮ್ಮ ದರ್ಶನವಾಗುತ್ತದೆ. ನಾನು ಧಾರವಾಡದ ನಮ್ಮ ಓಣಿಯಲ್ಲಿ ಬೇಸಿಗೆ ರಜೆಗೆ ಮಕ್ಕಳಿಗೂ, ಮಧ್ಯಾಹ್ನದ ಬಿಡುವಿಗೆ ನೆರೆಮನೆಯ ಹೆಣ್ಣುಮಕ್ಕಳಿಗೂ ಸೂಜಿ ದಾರ ಕಲಿಸುವವಳು. ಅವರ ಪರವಾಗಿ ತಮ್ಮಲ್ಲಿ ಕೆಲವು ಮಾತು ಅರಿಕೆ ಮಾಡಿಕೊಳ್ಳಬೇಕಾಗಿದೆ.

ಮೊದಲು ತಮಗೆ ಸಲ್ಲಬೇಕಾದ ಕೃತಜ್ಞತೆ. ತಮ್ಮಷ್ಟು ಶ್ರದ್ಧೆಯಿಂದ ಈ ಕೆಲಸ ನೋಡುವವರು ಮತ್ತಾರಿದ್ದಾರೆ? ಮನೆಯ ಗಂಡಸರು ‘ಛಲೋ ಆಗೇತಿ’ ಎಂದು ಟಿವಿ ಕಡೆ ತಿರುಗಿಬಿಡುತ್ತಾರೆ. ತಾವು ಕನ್ನಡಕ ಏರಿಸಿ, ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಳೆ ಎಳೆ ಪರೀಕ್ಷಿಸುತ್ತೀರಿ. ಆ ಗಮನಕ್ಕೆ ನಾವು ಋಣಿಗಳು. ಆದರೆ ಅಷ್ಟೂ ಗಮನ ಹಿಂಬದಿಗೇ ಸಲ್ಲುತ್ತದೆ, ಮುಂಬದಿಗೆ ಒಂದು ನೋಟವೂ ಉಳಿಯುವುದಿಲ್ಲ ಎಂಬುದು ನಮ್ಮ ಮೊದಲ ದೂರು.

ಕಳೆದ ಬೇಸಿಗೆಯಲ್ಲಿ ಒಬ್ಬ ಹುಡುಗಿ ಚೌಕ ಚೌಕ ಮನೆಗಳಿರುವ ಮ್ಯಾಟಿ ಬಟ್ಟೆಯ ಮೇಲೆ ಗಿಳಿ ಹಾಕಿದಳು. ರೆಕ್ಕೆಗೆ ಎರಡು ಬಗೆಯ ಹಸಿರು, ಕೊಕ್ಕಿಗೆ ಕೆಂಪು, ಕೊರಳಲ್ಲಿ ಕೆಂಪಿನದೇ ಒಂದು ಪಟ್ಟಿ. ಕೊಕ್ಕಿನ ಕೆಳತುದಿ ಒಂದು ಮನೆ ಎಡಕ್ಕೆ ಸರಿದಿತ್ತು. ಅದರಿಂದಾಗಿ ಗಿಳಿ ಏನೋ ಹೇಳಲು ಬಾಯಿ ತೆರೆದಂತೆ ಕಾಣುತ್ತಿತ್ತು. ಹಿಂಬದಿಯಲ್ಲಿ ಕೆಂಪು ದಾರ ಕೊಕ್ಕಿನಿಂದ ನೇರ ಕೊರಳಿಗೆ ಜಿಗಿದಿತ್ತು, ಬಾಲದ ಹತ್ತಿರ ಹಸಿರು ದಾರದ ಗಂಟುಗಳಿದ್ದವು. ತಮ್ಮಲ್ಲೊಬ್ಬರು ಬಟ್ಟೆಯನ್ನು ಮಗುಚಿ ಹೇಳಿದರು: ‘ಮುಂದ ಇರ್ಲಿ ತಂಗಿ, ಹಿಂದ ನೋಡು, ಹೆಂಗ ಸಿಕ್ಕ ಬಿದ್ದೈತಿ. ಎಲ್ಲಾ ಬಿಚ್ಚಿ ಮತ್ತ ಹಾಕು.’ ಹುಡುಗಿ ‘ಹೂನ್ರೀ ಅಜ್ಜಿ’ ಎಂದು ಬಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಹಿಂಬದಿ ಯಾರಿಗೂ ಕಾಣದಂತೆ ನಾಲ್ಕು ಮಡಿಕೆ ಮಾಡಿದಳು. ಮರುದಿನದಿಂದ ಅವಳು ಬರಲಿಲ್ಲ. ಎರಡು ಹಸಿರನ್ನು ಅವಳು ಎಷ್ಟು ಜಾಣತನದಿಂದ ಆರಿಸಿದ್ದಳೆಂದು ಹೇಳುವ ಸಂದರ್ಭವೇ ನನಗೆ ಸಿಗಲಿಲ್ಲ.

ತಮ್ಮ ಅಳತೆಗೋಲು ಎಲ್ಲಿಂದ ಬಂತೆಂದು ನನಗೆ ಗೊತ್ತು. ಅದಕ್ಕೂ ಕೈಮುಗಿಯುತ್ತೇನೆ. ನಮ್ಮ ಕಸೂತಿಯ ಗವಂತಿಯಲ್ಲಿ ಸೂಜಿ ಕೆಲವು ಎಳೆ ಬಿಟ್ಟು ಅಷ್ಟೇ ಎಳೆ ಹಿಡಿದು ಸಾಲಾಗಿ ಹೋಗುತ್ತದೆ, ಅದೇ ದಾರಿಯಲ್ಲಿ ಮರಳುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತದೆ. ಮುಂದೆ ಹೇಗೋ ಹಿಂದೆಯೂ ಹಾಗೆಯೇ. ಮುರ್ಗಿಯದೂ ಇದೇ ನಡೆ, ಮೆಟ್ಟಿಲು ಮೆಟ್ಟಿಲಾಗಿ. ಗಂಟು ಹಾಕದೆ, ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆ ಎಣಿಸಿಯೇ ಗೋಪುರ, ತೇರು, ಆನೆ, ತುಳಸಿ ಕಟ್ಟೆಗಳನ್ನು ತೆಗೆದ ಪರಂಪರೆ ತಮ್ಮದು. ಅಂಥ ಕೈಗಳಿಗೆ ಹಿಂಬದಿಯ ಬಗ್ಗೆ ಹೆಮ್ಮೆ ಇರುವುದು ನ್ಯಾಯವೇ. ಆದರೆ ಅದೇ ಕಸೂತಿಯಲ್ಲಿ ನೇಗಿ ಮತ್ತು ಮೆಂತಿ ಎಂಬ ಇನ್ನೆರಡು ಹೊಲಿಗೆಗಳಿವೆ ಎಂಬುದನ್ನು ತಮಗೆ ನಾನು ನೆನಪಿಸಬೇಕೇ? ಮೆಂತಿ ಎಂದರೆ ಕ್ರಾಸ್ ಸ್ಟಿಚ್ಚೇ. ಎರಡು ಓರೆ ಹೊಲಿಗೆ ಒಂದರ ಮೇಲೊಂದು ಕೂರುತ್ತವೆ. ಸಾಲಿನುದ್ದಕ್ಕೂ ಒಂದು ಓರೆ ಹಾಕುತ್ತ ಹೋಗಿ, ಬರುವಾಗ ಇನ್ನೊಂದು ಓರೆ ಹಾಕಿದರೆ, ಎಷ್ಟೇ ಶುದ್ಧವಾಗಿ ಹೊಲಿದರೂ ಮುಂದೆ ಕತ್ತರಿ, ಹಿಂದೆ ನೆಟ್ಟಗೆ ನಿಂತ ಸಣ್ಣ ಗೆರೆಗಳು. ಹೀಗೆ ಹೊಲಿದಾಗ ಎರಡೂ ಬದಿ ಒಂದೇ ಆಗುವುದಿಲ್ಲ. ಗವಂತಿಯ ತಕ್ಕಡಿಯಲ್ಲಿ ಮೆಂತಿಯನ್ನು ತೂಗಿ, ಹತ್ತು ವರ್ಷದ ಮಗುವನ್ನು ನಪಾಸು ಮಾಡುವುದು ತಮ್ಮಂಥ ಬಲ್ಲವರಿಗೆ ಶೋಭೆ ತರುವುದಿಲ್ಲ.

ಹಾಗೆಂದು ಹಿಂಬದಿ ಹೇಗಿದ್ದರೂ ನಡೆಯುತ್ತದೆ ಎಂಬ ವಾದ ನನ್ನದಲ್ಲ. ತಮ್ಮ ಕಣ್ಣು ಹಿಡಿಯುವ ಕೆಲವು ತಪ್ಪುಗಳು ನಿಜವಾಗಿಯೂ ತಪ್ಪುಗಳೇ. ಕಡು ಬಣ್ಣದ ದಾರವನ್ನು ಹೊಲಿಗೆಯಿಲ್ಲದ ಬಿಳಿ ಜಾಗದ ಹಿಂದೆ ಎಳೆದೊಯ್ದರೆ ಮುಂದೆ ಅದರ ನೆರಳು ಬೀಳುತ್ತದೆ. ಗಂಟು ದಪ್ಪವಾದರೆ ಫ್ರೇಮು ಹಾಕಿಸುವಾಗ ಉಬ್ಬಿ ಕಾಣುತ್ತದೆ. ದಾರದ ತುದಿಯನ್ನು ನಾಲ್ಕಾರು ಹೊಲಿಗೆಯ ಕೆಳಗೆ ತೂರಿಸದೆ ಬಿಟ್ಟರೆ ಒಗೆದಾಗ ಕಿತ್ತು ಬರುತ್ತದೆ. ದಾರ ಬಿಗಿಯಾದರೆ ಬಟ್ಟೆ ಮುದುಡುತ್ತದೆ. ಇವನ್ನು ತಾವು ಹೇಳಿಕೊಡಿ, ತಲೆಬಾಗಿ ಕಲಿಯುತ್ತೇವೆ. ನಮ್ಮ ಬೇಡಿಕೆ ಇಷ್ಟೇ: ‘ಸಿಕ್ಕು’ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸಬೇಡಿ. ಯಾವ ದಾರ, ಯಾವ ಜಾಗ, ಏಕೆ, ಮುಂದಿನ ಸಲ ಹೇಗೆ, ಇಷ್ಟನ್ನು ಬಿಡಿಸಿ ಹೇಳಿ. ಗಂಟು ಬೇಡವೆನ್ನುವ ಬದಲು, ಒಂದೇ ಎಳೆಯನ್ನು ಮಡಿಸಿ ಸೂಜಿಗೆ ಏರಿಸಿ, ಹಿಂದೆ ಉಳಿದ ಕುಣಿಕೆಯಲ್ಲಿ ಸೂಜಿ ತೂರಿಸಿದರೆ ಗಂಟಿಲ್ಲದೆ ಶುರು ಮಾಡಬಹುದೆಂದು ತೋರಿಸಿಕೊಡಿ. ಅರ್ಧ ನಿಮಿಷದ ಕೆಲಸ. ಕಲಿತವರು ಬದುಕಿಡೀ ತಮ್ಮನ್ನು ನೆನೆಯುತ್ತಾರೆ.

ತಮ್ಮ ಎರಡನೆಯ ಅನುಗ್ರಹ ‘ಬಿಚ್ಚು’ ಎಂಬ ಆಜ್ಞೆ. ಇದರಲ್ಲಿಯೂ ತಮ್ಮ ಅನುಭವವನ್ನು ನಾನು ಅಲ್ಲಗಳೆಯಲಾರೆ. ಅಂಚಿನ ಪಟ್ಟಿಯಲ್ಲಿ ಒಂದು ಮನೆ ತಪ್ಪಿದರೆ ಬಿಚ್ಚಲೇಬೇಕು. ಇಲ್ಲದಿದ್ದರೆ ಸುತ್ತಿ ಬಂದಾಗ ಮೂಲೆಗೆ ಮೂಲೆ ಕೂಡುವುದಿಲ್ಲ. ಮೇಲಿನ ಓರೆ ಒಂದು ಹೊಲಿಗೆಯಲ್ಲಿ ಬಲಕ್ಕೆ, ಪಕ್ಕದ್ದರಲ್ಲಿ ಎಡಕ್ಕೆ ಮಲಗಿದ್ದರೆ ಬೆಳಕು ಬಿದ್ದಾಗ ಮೈ ಒರಟಾಗಿ ಕಾಣುತ್ತದೆ, ಹಾಗಾಗಿ ಆ ಒಂದನ್ನು ಸರಿಪಡಿಸುವುದು ಒಳ್ಳೆಯದು. ಆದರೆ ಎಲೆಯಲ್ಲಿ ಒಂದು ಮನೆ ಹೆಚ್ಚಾದರೆ? ಗಿಳಿಯ ಬಾಲ ಎರಡು ಮನೆ ಉದ್ದವಾದರೆ? ಅಲ್ಲಿ ಮುಂದಿನ ಸಾಲನ್ನು ಅದಕ್ಕೆ ಹೊಂದಿಸಿಕೊಂಡು ಹೋದರಾಯಿತು. ಗಿಡದಲ್ಲಿ ಎರಡು ಎಲೆ ಒಂದೇ ಸಮ ಇರುತ್ತವೆಯೇ? ಬಿಚ್ಚಿದ ದಾರ ಜುಂಗು ಏಳುತ್ತದೆ, ಮತ್ತೆ ಹಾಕಿದರೆ ಮಂಕಾಗಿ ಕಾಣುತ್ತದೆ. ಮೇಲಿಂದ ಮೇಲೆ ಬಿಚ್ಚಿದರೆ ಬಟ್ಟೆಯ ತೂತುಗಳೂ ಸಡಿಲವಾಗುತ್ತವೆ. ಎಲ್ಲಿ ಬಿಚ್ಚಬೇಕು, ಎಲ್ಲಿ ಹೊಂದಿಸಿಕೊಳ್ಳಬೇಕು ಎಂಬ ವಿವೇಕವೇ ಈ ಕಲೆಯ ಅರ್ಧ ಪಾಠ. ‘ಎಲ್ಲಾ ಬಿಚ್ಚು’ ಎಂದಾಗ ತಾವು ಆ ಪಾಠವನ್ನೇ ಅವರಿಂದ ಕಸಿದುಕೊಳ್ಳುತ್ತೀರಿ.

ಮೂರನೆಯದು, ಆಗಾಗ ತಾವು ಕಪಾಟಿನಿಂದ ಹೊರತೆಗೆದು ತೋರಿಸುವ ತಮ್ಮ ಅಜ್ಜಿಯ ಚಂದ್ರಕಾಳಿ ಸೀರೆ. ಕಪ್ಪು ಮೈ ಮೇಲೆ ಬಿಳಿ, ಕೆಂಪು, ಹಳದಿ ಎಳೆಗಳ ಕಸೂತಿ, ಸೆರಗಿನ ಉದ್ದಕ್ಕೂ ಗೋಪುರಗಳ ಸಾಲು. ಅದನ್ನು ನೋಡುವ ಭಾಗ್ಯ ಕೊಟ್ಟದ್ದಕ್ಕೆ ಎಷ್ಟು ವಂದಿಸಿದರೂ ಸಾಲದು. ಆದರೆ ಅದನ್ನು ಹೊಸಬರ ಕರವಸ್ತ್ರದ ಪಕ್ಕದಲ್ಲಿಟ್ಟು ‘ಹಿಂಗ ಇರಬೇಕು’ ಎನ್ನುವಾಗ ಒಂದು ಮಾತು ಮರೆತುಹೋಗುತ್ತದೆ. ಅಜ್ಜಿ ಮಾಡಿದ್ದರಲ್ಲಿ ಚೆಂದದ್ದು ಮಾತ್ರ ಕಪಾಟು ಸೇರಿತು. ಕೈ ಕೂಡುವ ಮುನ್ನ ಮಾಡಿದ್ದೆಲ್ಲ ಬಳಕೆಯಲ್ಲಿ ಸವೆದು ಹೋಯಿತು. ಅಜ್ಜಿಯ ಕೊನೆಯ ಸೀರೆಗೆ ಮೊಮ್ಮಗಳ ಮೊದಲ ಗಿಳಿಯನ್ನು ಎದುರಾಳಿಯಾಗಿ ನಿಲ್ಲಿಸುವುದು ಸರಿಯೇ? ಅಜ್ಜಿಯ ಮೊದಲ ಗಿಳಿಯನ್ನು ತಾವು ನೋಡಿಲ್ಲ, ನಾವೂ ನೋಡಿಲ್ಲ.

ಮಾಡಿ ನೋಡಿದ ಬಟ್ಟೆಗಳನ್ನು ಉಳಿಸಿಕೊಂಡ ಕಡೆ ಏನಾಯಿತೆಂದು ತಮ್ಮ ಅವಗಾಹನೆಗೆ ತರುತ್ತೇನೆ. ಇಂಗ್ಲೆಂಡಿನಲ್ಲಿ ಹೊಲಿಗೆ ಕಲಿಯುವವರೂ ಬಲ್ಲವರೂ ಒಂದೇ ತುಂಡಿನ ಮೇಲೆ ಬಗೆಬಗೆಯ ಹೊಲಿಗೆ, ಅಕ್ಷರ, ಪ್ರಾಣಿ, ಹೂಗಳನ್ನು ಮಾಡಿ ನೋಡುತ್ತಿದ್ದರು. ಅದಕ್ಕೆ ಸ್ಯಾಂಪ್ಲರ್ ಎನ್ನುತ್ತಾರೆ. ಇಸವಿ ಹೊಲಿದಿರುವ, ಇಂದಿಗೂ ಉಳಿದಿರುವ ಅತಿ ಹಳೆಯ ಇಂಗ್ಲಿಷ್ ಸ್ಯಾಂಪ್ಲರ್ ಜೇನ್ ಬೋಸ್ಟಾಕ್ ಎಂಬಾಕೆಯದು. ಅದರ ಮೇಲೆ ಅವಳ ಹೆಸರೂ, 1598 ಎಂಬ ಇಸವಿಯೂ ಇವೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಅದನ್ನು ಜೋಪಾನವಾಗಿ ಇಟ್ಟಿದ್ದಾರೆ. ಅದೇ ಮ್ಯೂಸಿಯಂನಲ್ಲಿ ಎಲಿಜಬೆತ್ ಪಾರ್ಕರ್ ಎಂಬ ಸಸೆಕ್ಸ್‌ನ ಯುವತಿ ಸುಮಾರು 1830ರಲ್ಲಿ ಮಾಡಿದ ಇನ್ನೊಂದಿದೆ. ಮನೆಗೆಲಸಕ್ಕೆ ಹೋದ ಕಡೆ ಪಟ್ಟ ಪಾಡನ್ನೆಲ್ಲ ಅವಳು ಲಿನನ್ ಬಟ್ಟೆಯ ಮೇಲೆ ಕೆಂಪು ದಾರದ ಪುಟ್ಟ ಕ್ರಾಸ್ ಸ್ಟಿಚ್ ಅಕ್ಷರಗಳಲ್ಲಿ ಸಾಲುಸಾಲಾಗಿ ಹೊಲಿದಿದ್ದಾಳೆ. ಚಿತ್ರವಿಲ್ಲ, ಅಂಚಿಲ್ಲ. ಬರಹ ವಾಕ್ಯದ ನಡುವೆಯೇ ನಿಂತುಹೋಗಿದೆ, ಕೆಳಗಿನ ಬಟ್ಟೆ ಖಾಲಿ ಉಳಿದಿದೆ. ಆ ಅಪೂರ್ಣ ತುಂಡನ್ನು ಜನ ಇವತ್ತಿಗೂ ಓದುತ್ತಾರೆ. ಕುಂದಿಲ್ಲದ ಎಷ್ಟೋ ಮೇಜುಬಟ್ಟೆಗಳಿಗೆ ಆ ಭಾಗ್ಯವಿಲ್ಲ.

ನಾಲ್ಕನೆಯದನ್ನು ಹೇಳಲು ಸಂಕೋಚವಾಗುತ್ತದೆ, ಏಕೆಂದರೆ ಅದು ತಮ್ಮ ಪ್ರೀತಿಯಿಂದಲೇ ಹುಟ್ಟಿದ್ದು. ಯಾರಾದರೂ ಕಲಿಯಲು ಕುಳಿತ ಸುದ್ದಿ ತಿಳಿದರೆ ಸಾಕು, ‘ಪಡಸಾಲೆಗೆ ಒಂದು ದೊಡ್ಡ ರಾಧಾಕೃಷ್ಣ ಹಾಕಿಬಿಡು’ ಎಂದು ಹರಸುತ್ತೀರಿ. ಲೆಕ್ಕ ನೋಡಿ. ಒಂದು ಇಂಚಿಗೆ 14 ಮನೆ ಬರುವ ಐಡಾ ಬಟ್ಟೆಯಲ್ಲಿ ಎರಡಿಂಚು ಚೌಕದ ಹೂವಿಗೆ 784 ಹೊಲಿಗೆ ಬೇಕು. ಹತ್ತಿಂಚು ಚೌಕ ತುಂಬಿಸಲು 19,600. ಮೊದಲನೆಯದನ್ನು ಹೊಸಬರು ಮುಗಿಸುತ್ತಾರೆ. ಎರಡನೆಯದು ಅರ್ಧಕ್ಕೆ ನಿಂತು ಟ್ರಂಕು ಸೇರುತ್ತದೆ, ಅದರ ಜೊತೆ ‘ನನ್ನ ಕೈಲಿ ಆಗೂದಿಲ್ಲ’ ಎಂಬ ಮಾತೂ ಮನಸ್ಸು ಸೇರುತ್ತದೆ. ಮೊದಲಿಗೆ ಒಂದು ಪುಸ್ತಕದ ಗುರುತುಪಟ್ಟಿ, ಕರವಸ್ತ್ರದ ಮೂಲೆಗೆ ಒಂದು ಹೂವು, ಕೂಸಿನ ಕುಂಚಿಗೆಗೆ ಒಂದು ನಕ್ಷತ್ರ ಸಾಕು. ಮೊಂಡು ತುದಿಯ 24 ನಂಬರಿನ ಸೂಜಿ, ಆರು ಎಳೆಯ ಲಡಿಯಿಂದ ಬಿಡಿಸಿದ ಎರಡು ಎಳೆ, ಬೆರಳ ತುದಿಯಿಂದ ಮೊಣಕೈವರೆಗಿನ ಉದ್ದದ ದಾರ, ಎರಡೋ ಮೂರೋ ಬಣ್ಣ. ಬಟ್ಟೆಯನ್ನು ನಾಲ್ಕು ಮಡಿಸಿ ನಡುವನ್ನು ಗುರುತಿಸಿಕೊಂಡು ಅಲ್ಲಿಂದ ಶುರು. ಮುಗಿಸಿದ ಸಣ್ಣ ಕೆಲಸ ಇನ್ನೊಂದಕ್ಕೆ ಕೈಹಾಕಿಸುತ್ತದೆ. ಎರಡನೆಯದರಲ್ಲಿ ಗಂಟು ಕಡಿಮೆಯಾಗುತ್ತದೆ, ಮೂರನೆಯದರಲ್ಲಿ ಓರೆಗಳೆಲ್ಲ ಒಂದೇ ದಿಕ್ಕಿಗೆ ಮಲಗುತ್ತವೆ. ಯಾರೂ ಬೈಯದೆಯೇ ಹಿಂಬದಿ ತಾನಾಗಿ ಹಸನಾಗುತ್ತದೆ. ಕಲಿಸುವವಳಾಗಿ ನಾನು ಮತ್ತೆ ಮತ್ತೆ ಕಂಡ ಸಂಗತಿ ಇದು.

ಮಾನ್ಯರೇ, ರೊಟ್ಟಿ ಬಡಿಯಲು ಕಲಿಯುವ ಹುಡುಗಿಯ ಮೊದಲ ರೊಟ್ಟಿ ಹರಿದಿದ್ದರೂ ತಾವು ಎಣ್ಣೆಗಾಯಿ ಹಚ್ಚಿಕೊಂಡು ತಿಂದು ‘ರುಚಿ ಆಗೇತಿ’ ಎನ್ನುತ್ತೀರಿ. ಅದೇ ಔದಾರ್ಯ ಸೂಜಿ ಹಿಡಿದ ಕೈಗೂ ಸಿಗಲಿ ಎಂಬುದೇ ನಮ್ಮ ಪ್ರಾರ್ಥನೆ. ಇದರಲ್ಲಿ ತಮ್ಮದೇ ಹಿತವೂ ಇದೆ. ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ, ಕಾಗದದ ಮೇಲೆ ಅದರ ಹೆಸರು ಭದ್ರವಾಗಿದೆ. ಆದರೆ ಎಳೆ ಎಣಿಸುವ ಕೈಗಳನ್ನು ಯಾವ ಪ್ರಮಾಣಪತ್ರವೂ ಹುಟ್ಟಿಸಲಾರದು. ನಾಳೆ ಗವಂತಿ ಕಲಿತು ತಮ್ಮ ಗೋಪುರಗಳನ್ನು ಮುಂದುವರಿಸಬೇಕಾದವರು ಇಂದು ಮ್ಯಾಟಿ ಬಟ್ಟೆಯ ಮೇಲೆ ಮನೆ ತಪ್ಪಿ ಗಿಳಿ ಹಾಕುತ್ತಿರುವ ಈ ಮಕ್ಕಳೇ. ಗಿಳಿಯನ್ನು ಬಿಚ್ಚಿಸಿದರೆ ಗೋಪುರವೂ ನಿಲ್ಲುವುದಿಲ್ಲ.

ಆದ್ದರಿಂದ ತಮ್ಮ ಪಾದಗಳಲ್ಲಿ ಸವಿನಯ ಬಿನ್ನಹ. ಮುಂದಿನ ಸಲ ಯಾರಾದರೂ ತಮ್ಮ ಮೊದಲ ಕೆಲಸ ತಂದು ಕೊಟ್ಟಾಗ ದಯವಿಟ್ಟು ಮುಂಬದಿಯನ್ನೇ ಮೊದಲು ನೋಡಿ. ಅದರಲ್ಲಿ ಏನು ಚೆಂದವಿದೆಯೋ ಅದನ್ನು ಹೆಸರಿಟ್ಟು ಹೇಳಿ. ಹಿಂಬದಿ ನೋಡಲೇಬೇಕೆನಿಸಿದರೆ ಅವರನ್ನು ಕೇಳಿ ನೋಡಿ. ತಿದ್ದುವುದು ಇದ್ದರೆ ಒಂದನ್ನೇ ತಿದ್ದಿ, ಅದನ್ನೂ ಸೂಜಿ ಹಿಡಿದು ಮಾಡಿ ತೋರಿಸಿ. ಕೊನೆಗೆ ‘ಮುಂದ ಏನ್ ಹಾಕ್ತಿ?’ ಎಂದು ಕೇಳಿ. ಆ ಒಂದು ಪ್ರಶ್ನೆ ಸಾಕು, ಅವರು ಮತ್ತೆ ದಾರ ಪೋಣಿಸುತ್ತಾರೆ.

ಇಂತಿ ತಮ್ಮ ವಿಧೇಯಳು,
ಓಣಿಯ ಹೊಲಿಗೆ ಕ್ಲಾಸಿನವಳು